ಪರ್ಚೇಸ್ ಆರ್ಡರಿನ ಕೊನೆಯ ಸಾಲು

ಪೀಣ್ಯದ ಮಗ್ಗುಲಲ್ಲಿರುವ ಬಾಗಲಗುಂಟೆಯ ಸಣ್ಣ ವರ್ಕ್‌ಶಾಪ್‌ಗಳು ಪರ್ಚೇಸ್ ಆರ್ಡರ್ ನಂಬಿ ಬದುಕುತ್ತವೆ. ದರ, ಅಳತೆ, ಡೆಲಿವರಿ ದಿನಾಂಕವನ್ನು ಎಲ್ಲರೂ ಓದುತ್ತಾರೆ. ‘ವ್ಯಾಜ್ಯವಾದರೆ ಆರ್ಬಿಟ್ರೇಷನ್, ಸೀಟ್ ದೆಹಲಿ’ ಎಂಬ ಸಾಲನ್ನು ಓದುವವರು ಕಡಿಮೆ. ಪೇಮೆಂಟ್ ನಿಂತಾಗ ಯಾವ ಊರಿನ ಕೋರ್ಟಿನ ಮೆಟ್ಟಿಲು ಹತ್ತಬೇಕೆಂದು ಸಾಮಾನ್ಯವಾಗಿ ಹೇಳುವುದು ಆ ಸಾಲೇ.

ಆ ಸಾಲಿನ ತೂಕವನ್ನು ಬೆಂಗಳೂರು ಕಂಡಿದೆ. ಇಸ್ರೋದ ವಾಣಿಜ್ಯ ಅಂಗ ಆಂಟ್ರಿಕ್ಸ್ ವಿರುದ್ಧ 2015ರಲ್ಲಿ ದೇವಾಸ್ ಕಂಪನಿಯ ಪರವಾಗಿ 56.25 ಕೋಟಿ ಡಾಲರ್ ಅವಾರ್ಡ್, ಅಂದರೆ ಆರ್ಬಿಟ್ರೇಷನ್ ತೀರ್ಪು, ಬಂತು. ಆಂಟ್ರಿಕ್ಸ್ ಅದನ್ನು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಪ್ರಶ್ನಿಸಿತು. ಆದರೆ ಒಪ್ಪಂದದ ಸೀಟ್ ದೆಹಲಿಯಾಗಿತ್ತು. ಯಾವ ಕೋರ್ಟು ಎಂಬ ಜಗ್ಗಾಟದಲ್ಲೇ ವರ್ಷಗಳು ಕಳೆದವು. 2020ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ದೆಹಲಿ ಹೈಕೋರ್ಟಿಗೆ ವರ್ಗಾಯಿಸಿತು. 2022ರಲ್ಲಿ ಅಲ್ಲಿ ಅವಾರ್ಡ್ ರದ್ದಾಯಿತು.

ಸೀಟ್ ಬೆಂಗಳೂರಾದರೆ, 1996ರ ಮಧ್ಯಸ್ಥಿಕೆ (ಆರ್ಬಿಟ್ರೇಷನ್) ಕಾಯ್ದೆಯಡಿ ಅಧಿಕಾರ ಸಿಟಿ ಸಿವಿಲ್ ಕೋರ್ಟಿನದು. 3 ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಗಳು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತವೆ. ಕಲಂ 9ರಡಿ ಮಧ್ಯಂತರ ರಕ್ಷಣೆ, 34ರಡಿ ಅವಾರ್ಡ್ ರದ್ದತಿ ಕೋರಬಹುದು. ರದ್ದತಿ ಅರ್ಜಿಗೆ 3 ತಿಂಗಳ ಗಡುವು. ತಕ್ಕ ಕಾರಣವಿದ್ದರೆ ಇನ್ನು 30 ದಿನ, ಅಷ್ಟೇ. ನ್ಯಾಯಾಧೀಶರು ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ. ಗಾಯತ್ರಿ ಬಾಲಸಾಮಿ ಪ್ರಕರಣದಲ್ಲಿ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಅವಾರ್ಡನ್ನು ಸೀಮಿತವಾಗಿ ತಿದ್ದುವ ಅಧಿಕಾರವೂ ಕೋರ್ಟಿಗಿದೆ ಎಂದಿತು. 2015ರ ತಿದ್ದುಪಡಿಯ ನಂತರ ಬರೀ ಅರ್ಜಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ.

ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇ ಕಾಯ್ದೆ ಇನ್ನೊಂದು ದಾರಿ ಕೊಟ್ಟಿದೆ. ಖರೀದಿದಾರ ದೇಶದಲ್ಲಿ ಎಲ್ಲೇ ಇರಲಿ, ಮಾಲು ಪೂರೈಸಿದವರು ತಮ್ಮ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ ದೂರು ಕೊಡಬಹುದು. ಒಪ್ಪಂದದ ಆರ್ಬಿಟ್ರೇಷನ್ ಷರತ್ತು ಇದಕ್ಕೆ ಅಡ್ಡಿಯಲ್ಲವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಡವಾದ ಬಾಕಿಗೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೌನ್ಸಿಲ್ ಮೂಲಕ ಬಂದ ಅವಾರ್ಡನ್ನು ಪ್ರಶ್ನಿಸುವ ಖರೀದಿದಾರ ಮೊದಲು ಶೇ 75ರಷ್ಟು ಹಣವನ್ನು ಕೋರ್ಟಿನಲ್ಲಿ ಠೇವಣಿ ಇಡಬೇಕು.

ಸಂಬಳ, ಬಾಡಿಗೆ, ಕರೆಂಟ್ ಬಿಲ್ ಯಾವ ವಿಚಾರಣೆಗೂ ಕಾಯುವುದಿಲ್ಲ. ಹಾಗಾಗಿ ಈ ಶೇ 75ರ ನಿಯಮವೇ ಸಣ್ಣ ಉದ್ಯಮಿಯ ದೊಡ್ಡ ಬಲ. ಉದ್ಯಮ್ ನೋಂದಣಿಯನ್ನು ಕೆಲಸ ಹಿಡಿಯುವ ಮೊದಲೇ ಮಾಡಿಸಿ, ಸೀಟ್ ಬೆಂಗಳೂರೇ ಆಗಲಿ ಎಂದು ಸಹಿಗೆ ಮುನ್ನ ಕೇಳಿ. ಆರ್ಡರ್ ಕೈತಪ್ಪೀತೆಂಬ ಭಯ ಒಬ್ಬೊಬ್ಬರಿಗೂ ಇರುತ್ತದೆ. ಆದರೆ ಬಡಾವಣೆಯ ಉದ್ಯಮಿಗಳೆಲ್ಲ ಒಟ್ಟಾಗಿ ಕೇಳಿದರೆ ಷರತ್ತು ಬದಲಾಗಲೇಬೇಕು.