ಅದು ಸೋಮಾರಿತನವಲ್ಲ, ಕಾಯಿಲೆಯ ಲಕ್ಷಣ

ಕೂಗಾಟ ನಿಂತಿದೆ, ಯಾರೋ ಹಿಂಬಾಲಿಸುತ್ತಾರೆ ಎಂಬ ಭಯವೂ ಹೋಗಿದೆ. ಆದರೆ ಈಗ ಸ್ನಾನಕ್ಕೂ ಹತ್ತು ಸಲ ಹೇಳಬೇಕು, ಕೆಲಸದ ಮಾತೇ ಇಲ್ಲ. ಸೈಕೋಸಿಸ್ ಎಂಬ ಮನೋರೋಗಕ್ಕೆ ಮೊದಲ ಬಾರಿ ಚಿಕಿತ್ಸೆ ಪಡೆದವರ ಮನೆಗಳಲ್ಲಿ ಇದು ಸಾಮಾನ್ಯ ದೂರು. 'ಮೈಗಳ್ಳ' ಎಂಬ ಹೆಸರು ಬರುವುದೂ ಇಲ್ಲಿಯೇ.

ಈ ಕಾಯಿಲೆ ಹೆಚ್ಚಾಗಿ ಹದಿಹರೆಯದ ಕೊನೆ ಹಾಗೂ ಇಪ್ಪತ್ತರ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲದ ಧ್ವನಿ ಕೇಳುವುದು, ಆಧಾರವಿಲ್ಲದ ಸಂಶಯ ಮುಂತಾದವುಗಳಿಗೆ ವೈದ್ಯರು 'ಪಾಸಿಟಿವ್' ಲಕ್ಷಣಗಳೆನ್ನುತ್ತಾರೆ. ಇಲ್ಲಿ ಪಾಸಿಟಿವ್ ಎಂದರೆ ಒಳ್ಳೆಯದು ಎಂದಲ್ಲ, ಇರಬಾರದ್ದು ಬಂದು ಸೇರಿಕೊಂಡಿದೆ ಎಂದರ್ಥ. ಇರಬೇಕಾದದ್ದು ಕುಂದಿ ಹೋಗುವುದು 'ನೆಗೆಟಿವ್' ಲಕ್ಷಣ. ಅವು ಮುಖ್ಯವಾಗಿ ಐದು: ಕೆಲಸ ಆರಂಭಿಸುವ ಉತ್ಸಾಹ ಇಲ್ಲದಿರುವುದು, ಮಾತು ಕಡಿಮೆಯಾಗುವುದು, ಮುಖದಲ್ಲಿ ಭಾವನೆ ಕಾಣದಿರುವುದು, ಯಾವುದರಲ್ಲೂ ಸಂತೋಷ ಸಿಗದಿರುವುದು, ಜನರಿಂದ ದೂರ ಉಳಿಯುವುದು.

ಓದು, ಉದ್ಯೋಗ, ಗೆಳೆತನ ತಪ್ಪಿ ಹೋಗಲು ಭ್ರಮೆಗಳಿಗಿಂತ ಇವೇ ಹೆಚ್ಚಾಗಿ ಕಾರಣ. ಈಗಿರುವ ಔಷಧಿಗಳು ಭ್ರಮೆಗಳನ್ನು ಚೆನ್ನಾಗಿ ತಗ್ಗಿಸುತ್ತವೆ. ನೆಗೆಟಿವ್ ಲಕ್ಷಣಗಳ ಮೇಲೆ ಅವುಗಳ ಪರಿಣಾಮ ಕಡಿಮೆ. ಹಾಗೆಂದು ಔಷಧಿಯನ್ನು ನಾವಾಗಿ ನಿಲ್ಲಿಸಬಾರದು, ಕಾಯಿಲೆ ಮರುಕಳಿಸುವ ಅಪಾಯವಿದೆ. ಖಿನ್ನತೆ, ಔಷಧಿಯಿಂದ ಬರುವ ಮಂಪರು ಅಥವಾ ಮೈ ಬಿಗಿತ, ಜನರ ಬಗೆಗಿನ ಭಯ ಇವುಗಳಿಂದಲೂ ವ್ಯಕ್ತಿ ಮೂಲೆ ಸೇರಬಹುದು. ಇವಕ್ಕೆ ಪರಿಹಾರವಿದೆ. ಆದುದರಿಂದ ಮನೆಯವರು ಕಂಡದ್ದನ್ನು ವೈದ್ಯರಿಗೆ ಬಿಡಿಸಿ ಹೇಳಬೇಕು.

ಕುಟುಂಬದ ಪಾತ್ರ ದೊಡ್ಡದು. ಚೆನ್ನೈಯ ಸ್ಕಾರ್ಫ್ ಸಂಸ್ಥೆ ಮತ್ತು ಕೆನಡಾದ ಮಾಂಟ್ರಿಯಲ್‌ನ ತಜ್ಞರು ಮೊದಲ ಬಾರಿ ಸೈಕೋಸಿಸ್‌ಗೆ ತುತ್ತಾದವರನ್ನು ಎರಡು ವರ್ಷ ಗಮನಿಸಿ 2020ರಲ್ಲಿ ವರದಿ ಪ್ರಕಟಿಸಿದರು. ಭ್ರಮೆಗಳು ತಗ್ಗಿದ್ದರಲ್ಲಿ ಎರಡು ನಗರಗಳ ನಡುವೆ ಹೆಚ್ಚು ವ್ಯತ್ಯಾಸವಿರಲಿಲ್ಲ. ನೆಗೆಟಿವ್ ಲಕ್ಷಣಗಳಲ್ಲಿ ಮಾತ್ರ ಚೆನ್ನೈಯವರು ಹೆಚ್ಚು ಚೇತರಿಸಿಕೊಂಡಿದ್ದರು. ಅಲ್ಲಿ ಕುಟುಂಬದ ಬೆಂಬಲವೂ ಹೆಚ್ಚಾಗಿತ್ತು.

ನಾವೇನು ಮಾಡಬಹುದು? ಏಳುವ, ಉಣ್ಣುವ, ಮಲಗುವ ಹೊತ್ತು ನಿಗದಿಯಾಗಿರಲಿ. ಒಮ್ಮೆಗೆ ಒಂದೇ ಚಿಕ್ಕ ಕೆಲಸ ಹೇಳಿ, ಮೊದಮೊದಲು ಜೊತೆಯಲ್ಲಿ ನಿಂತು ಮಾಡಿ. ತೆಂಗಿನ ಗಿಡಕ್ಕೆ ಎರಡು ಕೊಡ ನೀರು, ಅಂಗಡಿಯಿಂದ ಒಂದು ಪ್ಯಾಕೆಟ್ ಹಾಲು ಇಷ್ಟೇ ಸಾಕು. ಮಾಡಿದ್ದನ್ನು ಮೆಚ್ಚಿ, ಮಾಡದಿದ್ದರೆ ನಾಳೆ ಪುನಃ ಹೇಳಿ. ನೆರೆಮನೆಯ ಮಕ್ಕಳೊಡನೆ ಹೋಲಿಸಬೇಡಿ. ಸದಾ ಬೈಗುಳ ಕೇಳಿಬರುವ ಮನೆಯಲ್ಲಿ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು.

ವಾಳೆಯ ಮನೆಗಳಿಗೆ ಭೇಟಿ ನೀಡುವವರು ಬುದ್ಧಿಮಾತು ಹೇಳುವುದಕ್ಕಿಂತ ಹತ್ತು ನಿಮಿಷ ಜೊತೆಯಲ್ಲಿ ಕುಳಿತರೆ ಒಳಿತು. ಆತ ಮಾತನಾಡದಿದ್ದರೆ ಅದನ್ನು ಅಗೌರವವೆಂದು ತಿಳಿಯಬಾರದು. ಹಬ್ಬದ ಸಿದ್ಧತೆಯಲ್ಲಿ ಕುರ್ಚಿ ಜೋಡಿಸುವಂತಹ ಸಣ್ಣ ಜವಾಬ್ದಾರಿ ಕೊಡಬಹುದು. ತಾಯಿ ತಂದೆಯ ದಣಿವನ್ನೂ ವಿಚಾರಿಸಬೇಕು.

ಒಳ್ಳೆಯದಾಗಿ ಓದುತ್ತಿದ್ದ ಹುಡುಗ ಅಥವಾ ಹುಡುಗಿ ತಿಂಗಳುಗಟ್ಟಲೆ ಕೋಣೆ ಬಿಟ್ಟು ಬಾರದಿದ್ದರೆ ತಡಮಾಡದೆ ಮನೋವೈದ್ಯರಿಗೆ ತೋರಿಸಿ. ಚಿಕಿತ್ಸೆ ಬೇಗ ಆರಂಭವಾದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡಬಹುದು.