ಕೋಳಿಗೂಡಿನ ಹಾಸು ಮತ್ತು ಅದರ ಗೊಬ್ಬರ

ಭದ್ರಾವತಿಯ ಜನ್ನಾಪುರದಂತಹ ಬಡಾವಣೆಗಳಲ್ಲಿ ಹಿತ್ತಿಲ ಕೋಳಿಗಳಿಗೆ ಮಳೆಗಾಲದ ಮುಖ್ಯ ಶತ್ರು ಗೂಡಿನ ತೇವ. ಒದ್ದೆ ಹಾಸಿನಲ್ಲಿ ರಕ್ತಭೇದಿಯ ಕಾಕ್ಸಿಡಿಯ ಜೀವಿಗಳು ಬಲಿಯುತ್ತವೆ. ಹಿಕ್ಕೆಯ ಯೂರಿಕ್ ಆಮ್ಲವು ಒಡೆದು ಹೊರಡುವ ಅಮೋನಿಯ ಅನಿಲವು ಹಕ್ಕಿಗಳ ಕಣ್ಣು, ಶ್ವಾಸನಾಳಗಳನ್ನು ಕೆಡಿಸುತ್ತದೆ. ಗೊಬ್ಬರದಲ್ಲಿ ಉಳಿಯಬೇಕಾದ ಸಾರಜನಕವೇ ಹೀಗೆ ಗಾಳಿಗೆ ಸೇರುವುದರಿಂದ ನಷ್ಟವು ಇಮ್ಮಡಿಯಾಗುತ್ತದೆ.

ಭದ್ರಾ ಅಚ್ಚುಕಟ್ಟಿನ ಈ ಸೀಮೆಯಲ್ಲಿ ಭತ್ತದ ಹೊಟ್ಟು ಸುಲಭವಾಗಿ ದೊರೆಯುತ್ತದೆ. ಅದು ಹಗುರವಾದುದು, ಮುದ್ದೆಗಟ್ಟದು. ಆದರೆ ತೇವವನ್ನು ಹೆಚ್ಚಾಗಿ ಹೀರದು. ಮರದ ಹೊಟ್ಟು ಹೆಚ್ಚು ಹೀರುತ್ತದೆ. ಬೂಷ್ಟು ಹಿಡಿದುದನ್ನೂ ಔಷಧ ಲೇಪಿಸಿದ ಮರದ್ದನ್ನೂ ಮಾತ್ರ ವರ್ಜಿಸಬೇಕು. ಎರಡನ್ನೂ ಬೆರೆಸಿ ಹರಡಿ, ಆಗಾಗ ಕೆದಕುವುದು ಲೇಸು. ಹಿಡಿಯಲ್ಲಿ ಅಮುಕಿದ ಹಾಸು ಉಂಡೆಯಾಗಿಯೇ ನಿಂತರೆ ತೇವ ಮಿತಿಮೀರಿದೆಯೆಂದು ತಿಳಿಯಬೇಕು.

ಗೂಡಿನಲ್ಲಿ ಗುಣವೆನಿಸಿದ್ದು ಗುಂಡಿಯಲ್ಲಿ ತೊಡಕಾಗುವುದುಂಟು. ಭತ್ತದ ಹೊಟ್ಟಿನಲ್ಲಿರುವ ಸಿಲಿಕ, ಲಿಗ್ನಿನ್‌ಗಳಿಂದಾಗಿ ಅದು ನಿಧಾನವಾಗಿ ಕೊಳೆಯುತ್ತದೆ. ಹಿಕ್ಕೆಯಲ್ಲಿ ಇಂಗಾಲ ಹಾಗೂ ಸಾರಜನಕಗಳ ಪ್ರಮಾಣ ಸುಮಾರು 10:1. ಕಾಂಪೋಸ್ಟಿಗೆ ಬೇಕಾದುದು 25–30:1. ಆದ್ದರಿಂದ ಹಳೆಯ ಹಾಸಿಗೆ ಬೇಗ ಕೊಳೆಯುವ ತರಗೆಲೆ, ಹುಲ್ಲುಗಳನ್ನು ಸೇರಿಸಿ, ಮಳೆ ತಾಗದಂತೆ ಮರೆಮಾಡಿ, ಶೇಕಡ 50–60ರಷ್ಟು ತೇವದಲ್ಲಿ ರಾಶಿಯಿಡಬೇಕು. ರಾಶಿಯೊಳಗೆ 55 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಕಾವು ಕೆಲದಿನ ನಿಂತರೆ ರೋಗಾಣುಗಳು ಬಹುಮಟ್ಟಿಗೆ ನಾಶವಾಗುತ್ತವೆ. ಹೊರಮೈಯ ಭಾಗವೂ ಕಾವಿಗೆ ಸಿಕ್ಕುವಂತೆ ಮಗುಚುತ್ತಿರಬೇಕು. ಕಾವಿಳಿದು ಮಣ್ಣಿನ ವಾಸನೆ ಬಂದ ಮೇಲೆಯೇ ಗಿಡಗಳಿಗೆ ಹಾಕತಕ್ಕದ್ದು. ಹಸಿಯ ಹಿಕ್ಕೆ ಬೇರನ್ನು ಸುಡುತ್ತದೆ.