ಮಡಚಿಟ್ಟ ಚಿತ್ರಕ್ಕೆ 28 ಕೋಟಿ!

2021ರ ಜನವರಿ. ಪ್ಯಾರಿಸ್‌ನ ಹರಾಜೊಂದರಲ್ಲಿ ಒಂದು ಚಿತ್ರ ಸುಮಾರು 32 ಲಕ್ಷ ಯೂರೋಗೆ ಮಾರಾಟವಾಯ್ತು. ಆಗಿನ ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 28 ಕೋಟಿ ರೂಪಾಯಿ. ಪಿಕಾಸೋ ಚಿತ್ರವಾ? ಅಲ್ಲ. ಮಕ್ಕಳ ಕಾಮಿಕ್ಸ್ ಒಂದರ ಮುಖಪುಟಕ್ಕೆ ಅಂತ 1936ರಲ್ಲಿ ಬರೆದದ್ದು. ಅದೂ ಅಚ್ಚು ಹಾಕೋ ಖರ್ಚು ಜಾಸ್ತಿ ಅಂತ ಪಕ್ಕಕ್ಕಿಟ್ಟದ್ದು. ಮಡಚಿಟ್ಟ ಗೆರೆಗಳು ಅದರ ಮೇಲೆ ಇನ್ನೂ ಹಾಗೇ ಇದ್ದವು!

ಪ್ರಕಾಶಕರ ಏಳು ವರ್ಷದ ಮಗನಿಗೆ ಕಲಾವಿದ ಆ ಚಿತ್ರ ಕೊಟ್ಟರು, ಹುಡುಗ ಅದನ್ನು ಮಡಚಿ ಡ್ರಾಯರ್‌ನಲ್ಲಿಟ್ಟ, ಅದು ದಶಕಗಳ ಕಾಲ ಅಲ್ಲೇ ಇತ್ತು. ಇದು ಆ ಕುಟುಂಬ ಹೇಳೋ ಕಥೆ. ಒಪ್ಪದ ತಜ್ಞರೂ ಇದ್ದಾರೆ. ಅದೇನೇ ಇರಲಿ, ನನ್ನ ಪ್ರಶ್ನೆ ಬೇರೆ. ಒಂದು ಕಾಮಿಕ್ಸ್ ಚಿತ್ರಕ್ಕೆ ಇಷ್ಟು ದುಡ್ಡು ಕೊಡುವವರು ಕೊಂಡುಕೊಳ್ಳೋದಾದರೂ ಏನನ್ನು?

ಆ ಚಿತ್ರ 'ದಿ ಬ್ಲೂ ಲೋಟಸ್' ಪುಸ್ತಕದ್ದು. ಹೀರೋ ಟಿನ್‌ಟಿನ್. ಜೊತೆಗೆ ಅವನ ಬಿಳಿ ನಾಯಿ ಸ್ನೋಯಿ. ಬರೆದವರು ಬೆಲ್ಜಿಯಂನ ಜಾರ್ಜ್ ರೆಮಿ. ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದು ಮಾಡಿ, ಫ್ರೆಂಚ್ ಉಚ್ಚಾರಣೆಯಲ್ಲಿ 'ಎರ್ಜೆ' ಅಂತ ಸಹಿ ಹಾಕುತ್ತಿದ್ದರು. 1929ರ ಜನವರಿ 10ರಂದು ಬ್ರಸೆಲ್ಸ್‌ನ ಪತ್ರಿಕೆಯೊಂದರ ಮಕ್ಕಳ ಪುರವಣಿಯಲ್ಲಿ ಟಿನ್‌ಟಿನ್ ಮೊದಲು ಕಾಣಿಸಿಕೊಂಡ. ಪುರವಣಿ ಬರುತ್ತಿದ್ದದ್ದು ಗುರುವಾರ. ಕಥೆ ರೋಚಕ ಘಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಮುಂದೇನು? ಮುಂದಿನ ಗುರುವಾರದವರೆಗೆ ಕಾಯಬೇಕು. ಕಥೆ ಮುಗಿದ ಮೇಲೆ ಗಟ್ಟಿ ರಟ್ಟಿನ ಆಲ್ಬಂ ಆಗಿ ಬರುತ್ತಿತ್ತು. ಅಲ್ಲಿ ಕಾಮಿಕ್ಸ್‌ಗೆ ಒಂಬತ್ತನೇ ಕಲೆ ಅನ್ನೋ ಗೌರವ ಇದೆ. ಬ್ರಸೆಲ್ಸ್‌ನಲ್ಲಿ 1989ರಿಂದ ಅದಕ್ಕಂತಲೇ ಒಂದು ಮ್ಯೂಸಿಯಂ ಇದೆ.

ಹಳೇ ಆಲ್ಬಂ ಯಾಕೆ ಅಷ್ಟು ದುಬಾರಿ? ಕಾರಣ ಮಕ್ಕಳೇ. ಅವರು ಅದನ್ನು ಹರಿಯುವವರೆಗೂ ಓದಿದರು, ಬಣ್ಣ ಹಚ್ಚಿದರು, ಹೆಸರು ಬರೆದರು. ಮನೆ ಖಾಲಿ ಮಾಡುವಾಗ ಅಮ್ಮಂದಿರು ರದ್ದಿಗೆ ಹಾಕಿದರು. ಉಳಿದದ್ದು ಕೆಲವೇ ಕೆಲವು. ಸಂಗ್ರಾಹಕರು ಮುಖಪುಟಕ್ಕಿಂತ ಮೊದಲು ಬೆನ್ನು ನೋಡುತ್ತಾರೆ! ಹಿಂಬದಿಯಲ್ಲಿ ಅಚ್ಚಾಗಿರೋ ಪುಸ್ತಕಗಳ ಪಟ್ಟಿ ನೋಡಿ ಅದು ಯಾವ ಕಾಲದ ಮುದ್ರಣ ಅಂತ ಹೇಳಿಬಿಡುತ್ತಾರೆ. ಕಲೆ ಇದ್ದರೆ, ಹರಿದಿದ್ದರೆ ಬೆಲೆ ಇಳಿಯುತ್ತೆ. ಅಂದರೆ ಮಗುವಿನ ಕೈಗೆ ಸರಿಯಾಗಿ ಸಿಗದೇ ಹೋದ ಪುಸ್ತಕಕ್ಕೇ ಹೆಚ್ಚು ಬೆಲೆ. ವಿಚಿತ್ರ ಅಲ್ವಾ?

ನನಗೆ ಟಿನ್‌ಟಿನ್ ಸಿಕ್ಕಿದ್ದು ಬಾಡಿಗೆ ಲೈಬ್ರರಿಯಲ್ಲಿ. 'ಯೂನಿಕಾರ್ನ್' ಹಡಗಿನ ಕಥೆ ಓದಿ ಮುಗಿಸಿದೆ. ನಿಧಿ ಹುಡುಕೋದು ಅದರ ಮುಂದಿನ ಪುಸ್ತಕದಲ್ಲಿ. ಅದನ್ನು ಯಾರೋ ಒಯ್ದವರು ವಾಪಸ್ ತಂದಿರಲಿಲ್ಲ. ತಿಂಗಳುಗಟ್ಟಲೆ ಕಾದೆ. ನಿಧಿ ಎಲ್ಲಿದೆ ಅಂತ ನಾನೇ ನಾಲ್ಕಾರು ಕಥೆ ಕಟ್ಟಿಕೊಂಡೆ. ಈಗ ಎರಡೂ ಪುಸ್ತಕ ನನ್ನ ಕಪಾಟಿನಲ್ಲಿವೆ, ಮೊಬೈಲ್‌ನಲ್ಲಿ ಎರಡೇ ನಿಮಿಷದಲ್ಲಿ ಆರ್ಡರ್ ಮಾಡಿದೆ. ಪುಸ್ತಕ ಬಂತು. ಆದರೆ ಆ ಕಾಯುವಿಕೆ ಬರಲಿಲ್ಲ. ಸಂಗ್ರಾಹಕ ಹುಡುಕೋದು ಅದನ್ನೇ ಅಂತ ನನಗನ್ನಿಸುತ್ತೆ.

ಹಾಗಂತ ನೆನಪಿನಲ್ಲಿರೋದೆಲ್ಲ ಚಿನ್ನ ಅಲ್ಲ. ಟಿನ್‌ಟಿನ್‌ನ ಕಾಂಗೋ ಕಥೆಯನ್ನು ಈಗ ತೆರೆದು ನೋಡಿ, ಮುಜುಗರ ಆಗುತ್ತೆ. ಕಾಂಗೋ ಆಗ ಬೆಲ್ಜಿಯಂನ ವಸಾಹತು. ಮೊದಲ ಆವೃತ್ತಿಯಲ್ಲಿ ಟಿನ್‌ಟಿನ್ ಅಲ್ಲಿನ ಮಕ್ಕಳಿಗೆ, ನಿಮ್ಮ ದೇಶ ಬೆಲ್ಜಿಯಂ ಅಂತ ಪಾಠ ಮಾಡುತ್ತಾನೆ! 1946ರ ಬಣ್ಣದ ಆವೃತ್ತಿಯಲ್ಲಿ ಎರ್ಜೆ ಅದನ್ನು ಗಣಿತದ ಪಾಠವಾಗಿ ಬದಲಿಸಿದರು. ಆದರೆ ಆಫ್ರಿಕನ್ನರನ್ನು ಪೆದ್ದರಂತೆ ಬಿಡಿಸಿದ ಚಿತ್ರಗಳು ಉಳಿದವು. 2007ರಲ್ಲಿ ಕಾಂಗೋ ಮೂಲದವರೊಬ್ಬರು ಬೆಲ್ಜಿಯಂನಲ್ಲಿ ಈ ಪುಸ್ತಕದ ವಿರುದ್ಧ ಕಾನೂನು ಹೋರಾಟಕ್ಕಿಳಿದರು. 2012ರಲ್ಲಿ ಕೋರ್ಟ್ ನಿಷೇಧಕ್ಕೆ ಒಪ್ಪಲಿಲ್ಲ. ಕೋರ್ಟ್ ಒಪ್ಪಲಿಲ್ಲ ಅಂದ ಮಾತ್ರಕ್ಕೆ ನೋವು ಸುಳ್ಳಾಗುತ್ತಾ? ಇಲ್ಲ.

ಅದೇ ಎರ್ಜೆ 1934ರಲ್ಲಿ ಬ್ರಸೆಲ್ಸ್‌ನಲ್ಲಿ ಕಲೆ ಓದುತ್ತಿದ್ದ ಚೀನಾದ ಜಾಂಗ್ ಚೊಂಗ್ರೆನ್‌ರನ್ನು ಭೇಟಿಯಾದರು. ಪರದೇಶದ ಕಥೆ ಬರೆಯೋಕೆ ಮುಂಚೆ ಆ ದೇಶವನ್ನು ತಿಳಿದುಕೊಳ್ಳಬೇಕು ಅನ್ನೋದನ್ನು ಕಲಿತರು. ಅದರ ಫಲವೇ 'ದಿ ಬ್ಲೂ ಲೋಟಸ್'. ಒಬ್ಬ ಗೆಳೆಯ ಸಿಕ್ಕಿದ, ಕಣ್ಣು ತೆರೆಯಿತು. ಆಮೇಲೆ ಇಬ್ಬರೂ ದೂರವಾಗಿ, ಮತ್ತೆ ಭೇಟಿಯಾಗಿದ್ದು 1981ರಲ್ಲಿ. ಎರಡು ವರ್ಷಕ್ಕೆ ಎರ್ಜೆ ತೀರಿಕೊಂಡರು.

ಅದಕ್ಕೇ ಹೇಳೋದು, ಹಳೇ ಕಾಮಿಕ್ಸ್ ಇದ್ದರೆ ಹೊರಗೆ ತೆಗೆಯಿರಿ. ಈಗಿನ ಕಣ್ಣಲ್ಲಿ ಮತ್ತೊಮ್ಮೆ ಓದಿ. ಇಷ್ಟವಾದದ್ದನ್ನೂ, ಚುಚ್ಚಿದ್ದನ್ನೂ ಮಕ್ಕಳಿಗೆ ಹೇಳಿ. ಆಮೇಲೆ ಪುಸ್ತಕವನ್ನು ಅವರ ಕೈಗೇ ಕೊಡಿ. ಮಡಚಿದರೆ ಮಡಚಲಿ ಬಿಡಿ. ಡ್ರಾಯರ್‌ನಲ್ಲಿದ್ದ ಆ ಚಿತ್ರದ ಮಡಿಕೆಯನ್ನು ಯಾರೂ ಇಸ್ತ್ರಿ ಮಾಡಿ ಮಾರಲಿಲ್ಲ.